ಅಖಾಡದ ಜೋಡಿ, ರಿಂಗಿನ ಜೋಡಿ: ಬಾಕ್ಸರ್‌ಗೆ ಎದುರಾಳಿಯನ್ನು ಆರಿಸುವವರು ಯಾರು?

ಶಿಕಾರಿಪುರ, ಸೊರಬ ಸೀಮೆಯಲ್ಲಿ ಬಯಲು ಕುಸ್ತಿ ನೋಡಿ ಬೆಳೆದವರಿಗೆ ‘ಜೋಡಿ ಕಟ್ಟುವುದು’ ಎಂಬ ಮಾತು ಹೊಸದೇನಲ್ಲ. ತೊಗರ್ಸಿಯಂಥ ಊರಿನ ಹಿರಿಯರನ್ನು ಕೇಳಿದರೂ ಇದರ ಮರ್ಮ ಬಿಡಿಸಿ ಹೇಳಿಯಾರು. ಪೈಲ್ವಾನರಿಬ್ಬರ ಮೈಕಟ್ಟು, ವಯಸ್ಸು, ಗರಡಿ, ಹಿಂದೆ ಹಿಡಿದ ಕುಸ್ತಿಗಳು ಇವಿಷ್ಟನ್ನೂ ತೂಗಿ ನೋಡಿ ಬಲ್ಲವರು ಜೋಡಿ ಗೊತ್ತುಮಾಡುತ್ತಾರೆ. ಮೈಸೂರು ದಸರಾ ಕುಸ್ತಿಗಂತೂ ಪಂದ್ಯಾವಳಿಗೆ ಮುನ್ನ ಜೋಡಿ ಕಟ್ಟುವುದೇ ಒಂದು ಪ್ರತ್ಯೇಕ ಕಾರ್ಯಕ್ರಮ. ಊರಿನ ಪೈಲ್ವಾನನಿಗೆ ಸುಲಭದ ಜೋಡಿ ಕೊಡಿಸುವ ಚಪಲ ಇಲ್ಲಿಯೂ ಇಲ್ಲವೆನ್ನಲಾಗದು. ಆದರೆ ಜೋಡಿ ಸರಿಯಾಗದಿದ್ದರೆ ಮಟ್ಟಿಯ ಸುತ್ತ ಕುಳಿತ ಜನರೇ ಗದ್ದಲವೆಬ್ಬಿಸುತ್ತಾರೆ.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಈ ಕೆಲಸ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ಕರ್ನಾಟಕದ ಓದುಗರು ಇದನ್ನು ಈಗ ಅರಿಯಬೇಕಾದ ಕಾರಣವೊಂದಿದೆ. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ಜೆಎಸ್‌ಡಬ್ಲ್ಯು ಸಮೂಹ ಕಟ್ಟಿದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಪಳಗಿದ ನಿಶಾಂತ್ ದೇವ್, 2025ರ ಜನವರಿಯಲ್ಲಿ ವೃತ್ತಿಪರ ಕಣಕ್ಕೆ ಕಾಲಿಟ್ಟರು. ಹುಟ್ಟೂರು ಹರಿಯಾಣದ ಕರ್ನಾಲ್ ಆದರೂ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಅವರು ಪ್ರತಿನಿಧಿಸಿದ್ದು ಕರ್ನಾಟಕವನ್ನು. 2023ರಲ್ಲಿ ತಾಷ್ಕೆಂಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ ಅವರು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಮೆಕ್ಸಿಕೊದ ಮಾರ್ಕೊ ವೆರ್ಡೆಗೆ ಸೋತರು.

ಪ್ಯಾರಿಸ್‌ನಲ್ಲಿ ವೆರ್ಡೆ ಎದುರಾದದ್ದು ಡ್ರಾ ಪಟ್ಟಿಯ ಪ್ರಕಾರ. ಅಲ್ಲಿ ಯಾರೂ ಯಾರನ್ನೂ ಆರಿಸಿಕೊಳ್ಳುವಂತಿಲ್ಲ. ಲಾಸ್ ವೇಗಸ್‌ನಲ್ಲಿ ನಡೆದ ಮೊದಲ ವೃತ್ತಿಪರ ಪಂದ್ಯದಲ್ಲಿ ಎದುರಾದ ಆಲ್ಟನ್ ವಿಗ್ಗಿನ್ಸ್ ಮಾತ್ರ ಆಯ್ಕೆಯಾಗಿ ಬಂದವರು. ನಿಶಾಂತ್ ಮೊದಲ ಸುತ್ತಿನಲ್ಲೇ ಪಂದ್ಯ ಮುಗಿಸಿದರು. ಇದರಲ್ಲಿ ಮೋಸವೇನೂ ಇಲ್ಲ. ಅವರನ್ನು ಒಪ್ಪಂದ ಮಾಡಿಕೊಂಡ ಬ್ರಿಟನ್‌ನ ಮ್ಯಾಚ್‌ರೂಮ್ ಸಂಸ್ಥೆ, ಹೊಸಬರನ್ನು ಬೆಳೆಸುವ ಹಳೆಯ ಕ್ರಮವನ್ನೇ ಅನುಸರಿಸಿತು.

ಈ ವ್ಯವಹಾರದಲ್ಲಿ ಮೂವರ ಪಾತ್ರವನ್ನು ಬೇರೆಬೇರೆಯಾಗಿ ನೋಡಬೇಕು. ಪಂದ್ಯಕ್ಕೆ ಹಣ ಹೂಡಿ, ಸಭಾಂಗಣ ಗೊತ್ತುಮಾಡಿ, ಟಿಕೆಟ್ ಹಾಗೂ ಟಿ.ವಿ. ಹಕ್ಕು ಮಾರುವವನು ಪ್ರೊಮೋಟರ್. ಬಾಕ್ಸರ್‌ನ ಪರವಾಗಿ ಸಂಭಾವನೆ ಕುದುರಿಸುವವನು ಮ್ಯಾನೇಜರ್. ಇವನ ಪಾಲು ಸಂಪ್ರದಾಯದಂತೆ ಗಳಿಕೆಯ ಮೂರನೇ ಒಂದರವರೆಗೂ ಇರುತ್ತದೆ. ಯಾರ ಮುಂದೆ ಯಾರನ್ನು ನಿಲ್ಲಿಸಬೇಕೆಂದು ಸೂಚಿಸುವ ಮ್ಯಾಚ್‌ಮೇಕರ್ ಸಾಮಾನ್ಯವಾಗಿ ಪ್ರೊಮೋಟರನ ಸಂಬಳಗಾರ. ಪ್ರೊಮೋಟರನಿಗೆ ಖರ್ಚು ತಗ್ಗಬೇಕು, ಮ್ಯಾನೇಜರನಿಗೆ ಸಂಭಾವನೆ ಹೆಚ್ಚಬೇಕು. ಇವರಿಬ್ಬರ ಹಗ್ಗಜಗ್ಗಾಟವೇ ಬಾಕ್ಸರ್‌ನ ರಕ್ಷಣೆ. ಇಬ್ಬರೂ ಒಂದೇ ಮನೆಯವರಾದರೆ ಆ ರಕ್ಷಣೆ ಮಾಯವಾಗುತ್ತದೆ.

ಅಮೆರಿಕದ ಸಂಸತ್ತು 2000ರಲ್ಲಿ ಮಹಮ್ಮದ್ ಅಲಿ ಹೆಸರಿನ ಬಾಕ್ಸಿಂಗ್ ಸುಧಾರಣಾ ಕಾಯ್ದೆ ತಂದದ್ದು ಮುಖ್ಯವಾಗಿ ಈ ಕಾರಣಕ್ಕೆ. ಪ್ರೊಮೋಟರ್ ಮತ್ತು ಮ್ಯಾನೇಜರ್ ಪರಸ್ಪರರ ವ್ಯವಹಾರದಲ್ಲಿ ಹಣಕಾಸಿನ ಹಿತಾಸಕ್ತಿ ಹೊಂದುವಂತಿಲ್ಲ, ಪಂದ್ಯದಿಂದ ತನಗೆ ಬಂದ ಹಣವೆಷ್ಟೆಂದು ಪ್ರೊಮೋಟರ್ ಬಾಕ್ಸರ್‌ಗೆ ತಿಳಿಸಬೇಕು ಎಂಬುದು ಅದರ ಸಾರ. ಭಾರತದಲ್ಲಿ ವೃತ್ತಿಪರ ಬಾಕ್ಸಿಂಗ್‌ಗೆಂದೇ ಇಂಥ ಕಾಯ್ದೆಯಿಲ್ಲ.

ಹೊಸ ಬಾಕ್ಸರ್‌ನನ್ನು ಬೆಳೆಸುವ ಕ್ರಮ ಸಸಿ ಬೆಳೆಸಿದಂತೆ. ಮೊದಲು ಸುಲಭದ ಎದುರಾಳಿ, ನಂತರ ಎತ್ತರದವನು, ಎಡಗೈಯವನು, ಪೆಟ್ಟು ತಾಳಬಲ್ಲವನು, ಹೀಗೆ ಒಬ್ಬೊಬ್ಬನಿಂದ ಒಂದೊಂದು ಪಾಠ. ಇದು ಸದುದ್ದೇಶದ ಜೋಡಿ. ಆದರೆ ಅದೇ ಕ್ರಮವನ್ನು ಎಳೆದುಕೊಂಡೇ ಹೋದರೆ ಲೆಕ್ಕದ ಪುಸ್ತಕ ಮಾತ್ರ ಹಿಗ್ಗುತ್ತದೆ, ಕಲಿಕೆ ಹಿಗ್ಗುವುದಿಲ್ಲ. ಸೋಲಿಲ್ಲದ ಬಾಕ್ಸರ್‌ಗೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು. ಆ ಸೊನ್ನೆಯನ್ನು ಕಾಯಲು ಬಲಿಷ್ಠರನ್ನು ವರ್ಷಗಟ್ಟಲೆ ತಪ್ಪಿಸುವುದೂ ಉಂಟು.

ಸೊನ್ನೆ ಕಾಯಲು ಸೋಲುವವರೂ ಬೇಕಷ್ಟೆ. ಬರ್ಮಿಂಗ್‌ಹ್ಯಾಮ್‌ನ ಪೀಟರ್ ಬಕ್ಲಿ 2008ರಲ್ಲಿ ನಿವೃತ್ತರಾದಾಗ ಒಟ್ಟು 300 ಪಂದ್ಯ ಆಡಿದ್ದರು, ಅದರಲ್ಲಿ ಸೋಲು 256. ಇವರನ್ನು ಕೈಲಾಗದವರೆನ್ನುವುದು ತಪ್ಪು. ಬ್ರಿಟನ್ನಿನ ಸಣ್ಣ ಸಭಾಂಗಣಗಳಲ್ಲಿ ಸ್ಥಳೀಯ ಹುಡುಗ ಟಿಕೆಟ್ ಮಾರಿ ತನ್ನ ಪಂದ್ಯದ ಖರ್ಚು ಹುಟ್ಟಿಸಬೇಕು. ಎದುರಾಳಿಗೆ ಬರುವುದು ನಿಗದಿತ ಕೂಲಿ. ಗೆದ್ದರೆ ಟಿಕೆಟ್ ಮಾರುವ ಹುಡುಗನ ಬೆಲೆ ಕುಸಿಯುತ್ತದೆ, ಮುಂದಿನ ವಾರದ ಕರೆಯೂ ಬಾರದೆ ಹೋಗಬಹುದು. ಪೆಟ್ಟು ತಪ್ಪಿಸಿಕೊಂಡು, ಗಾಯವಾಗದಂತೆ, ಸುತ್ತುಗಳನ್ನು ಪೂರೈಸಿ ಮನೆ ಸೇರುವುದೇ ಇವರ ವಿದ್ಯೆ. ಯಾರೂ ‘ಸೋಲು’ ಎಂದು ಬಾಯಿಬಿಟ್ಟು ಹೇಳಬೇಕಾದ ಅಗತ್ಯವೇ ಇಲ್ಲ.

ಮೇಲಿನ ಹಂತದ ಕಥೆ ಬೇರೆ. ಅಲ್ಲಿ ತಕರಾರು ದುರ್ಬಲ ಜೋಡಿಯದಲ್ಲ, ಆಗಬೇಕಾದ ಜೋಡಿ ಆಗದಿರುವುದರದ್ದು. ಫ್ಲಾಯ್ಡ್ ಮೇವೆದರ್ ಮತ್ತು ಮ್ಯಾನಿ ಪಕ್ಯಾವೊ ಪಂದ್ಯದ ಮಾತುಕತೆ ಶುರುವಾದದ್ದು 2009ರಲ್ಲಿ, ಪಂದ್ಯ ನಡೆದದ್ದು 2015ರ ಮೇ 2ರಂದು. ರಕ್ತಪರೀಕ್ಷೆಯ ತಗಾದೆ, ಸಂಭಾವನೆ ಹಂಚಿಕೆ, ಪಕ್ಯಾವೊ ಅವರ ಪ್ರೊಮೋಟರ್ ಬಾಬ್ ಆರಂ ಹಾಗೂ ಮೇವೆದರ್ ಬಣದ ಹಳೆಯ ವೈಮನಸ್ಯ, ಪ್ರತಿಸ್ಪರ್ಧಿ ಟಿ.ವಿ. ವಾಹಿನಿಗಳು ಎಲ್ಲವೂ ಅಡ್ಡಬಂದವು. ಅಮೆರಿಕದಲ್ಲಿ ಸುಮಾರು 46 ಲಕ್ಷ ಮಂದಿ ಹಣ ತೆತ್ತು ನೋಡಿದ ಆ ಪಂದ್ಯದಲ್ಲಿ ಇಬ್ಬರೂ ತಮ್ಮ ಉಚ್ಛ್ರಾಯ ಕಾಲ ದಾಟಿದ್ದರು.

ಜಾಗತಿಕ ಪಟ್ಟ ನೀಡುವ ಸಂಸ್ಥೆಗಳು ಇದಕ್ಕೆ ಕಡಿವಾಣವಾಗಬೇಕಿತ್ತು. ಶ್ರೇಯಾಂಕದ ಪ್ರಕಾರ ಕಡ್ಡಾಯ ಎದುರಾಳಿಯನ್ನು ಅವು ಸೂಚಿಸುತ್ತವೆ. ಎರಡೂ ಬಣ ಒಪ್ಪದಿದ್ದರೆ ಪಂದ್ಯ ಹರಾಜಿಗೆ ಬರುತ್ತದೆ, ಹೆಚ್ಚು ಕೂಗಿದ ಪ್ರೊಮೋಟರನಿಗೆ ಹಕ್ಕು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಆ ಶ್ರೇಯಾಂಕವೇ ಮಾರಾಟಕ್ಕಿದ್ದರೆ? ಐಬಿಎಫ್ ಸ್ಥಾಪಕ ಅಧ್ಯಕ್ಷ ರಾಬರ್ಟ್ ಲೀ ವಿರುದ್ಧದ ಪ್ರಕರಣದಲ್ಲಿ ಹೊರಬಿದ್ದದ್ದು ಅದೇ ಬಗೆಯ ಆರೋಪ. 1995ರ ಜಾರ್ಜ್ ಫೋರ್ಮನ್–ಆಕ್ಸೆಲ್ ಶುಲ್ಜ್ ಪಂದ್ಯಕ್ಕೆ ಮಾನ್ಯತೆ ಪಡೆಯಲು 1 ಲಕ್ಷ ಡಾಲರ್ ಕೊಟ್ಟದ್ದನ್ನು ಆರಂ 2000ರಲ್ಲಿ ತಾವಾಗಿ ಒಪ್ಪಿಕೊಂಡರು. ಲೀ ಹಣ ಅಕ್ರಮ ವರ್ಗಾವಣೆ ಹಾಗೂ ತೆರಿಗೆ ವಂಚನೆಯ ಅಪರಾಧಿಯಾಗಿ ಜೈಲು ಸೇರಿದರು.

ಇನ್ನೊಂದು ಅಸ್ತ್ರ ಕರಾರುಪತ್ರದಲ್ಲಿರುತ್ತದೆ. ಚಾಂಪಿಯನ್‌ನ ಎದುರು ಅವಕಾಶ ಬೇಕಾದರೆ, ಗೆದ್ದ ಪಕ್ಷದಲ್ಲಿ ಮುಂದಿನ ಕೆಲವು ಪಂದ್ಯಗಳನ್ನು ಅದೇ ಪ್ರೊಮೋಟರನ ಬಳಿ ಆಡುವುದಾಗಿ ಸವಾಲುಗಾರ ಬರೆದುಕೊಡಬೇಕಾಗಿತ್ತು. ಅಂದರೆ ಯಾರೇ ಗೆಲ್ಲಲಿ, ಪಟ್ಟ ಒಂದೇ ಮನೆಯಲ್ಲಿ ಉಳಿಯುತ್ತಿತ್ತು. ಅಲಿ ಕಾಯ್ದೆ ಇಂಥ ಬಲವಂತದ ಷರತ್ತಿಗೆ ಮಿತಿ ಹಾಕಿತು. ಮರುಪಂದ್ಯದ ಷರತ್ತು ಮಾತ್ರ ಇಂದಿಗೂ ಸಾಮಾನ್ಯ.

ಭಾರತದಲ್ಲಿ ಇದೆಲ್ಲವನ್ನು ಹತ್ತಿರದಿಂದ ತೋರಿಸಿದವರು ವಿಜೇಂದರ್ ಸಿಂಗ್. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಅವರು, 2015ರಲ್ಲಿ ಫ್ರಾಂಕ್ ವಾರೆನ್ ಅವರ ಕ್ವೀನ್ಸ್‌ಬೆರಿ ಸಂಸ್ಥೆಯೊಂದಿಗೆ ಸಹಿ ಹಾಕಿದರು. ಆ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಸನ್ನಿ ವೈಟಿಂಗ್ ವಿರುದ್ಧ ಆರಂಭ. ಆರು ಗೆಲುವಿನ ಬಳಿಕ, 2016ರ ಜುಲೈ 16ರಂದು ದೆಹಲಿಯ ತ್ಯಾಗರಾಜ ಕ್ರೀಡಾಂಗಣಕ್ಕೆ ಕೆರಿ ಹೋಪ್ ಅವರನ್ನು ಕರೆತರಲಾಯಿತು. ಹೋಪ್ ಒಂದು ಕಾಲದ ಯುರೋಪಿಯನ್ ಚಾಂಪಿಯನ್. ಹೆಸರಿದೆ, ಏರುಕಾಲ ಮುಗಿದಿದೆ. ಪ್ರಾದೇಶಿಕ ಪಟ್ಟಕ್ಕೆ, ತವರಿನ ಪ್ರೇಕ್ಷಕರ ಮುಂದೆ, ಪ್ರೊಮೋಟರನ ಕಣ್ಣಲ್ಲಿ ಇದಕ್ಕಿಂತ ಸರಿಯಾದ ಜೋಡಿ ಇರಲಾರದು. ವಿಜೇಂದರ್ ಗೆದ್ದರು, ಗೆಲ್ಲುತ್ತಲೇ ಹೋದರು. ವಿಶ್ವದ ಅಗ್ರಗಣ್ಯರ ಎದುರು ಪಂದ್ಯ ಮಾತ್ರ ಬರಲಿಲ್ಲ.

2021ರ ಮಾರ್ಚ್ 19ರಂದು ಗೋವಾದ ಕ್ಯಾಸಿನೊ ಹಡಗೊಂದರ ಮೇಲೆ ರಷ್ಯಾದ ಆರ್ತಿಶ್ ಲಾಪ್ಸನ್ ಅವರನ್ನು ನಿಲ್ಲಿಸಿದಾಗ ವಿಜೇಂದರ್ 12 ಪಂದ್ಯಗಳಲ್ಲಿ ಸೋಲಿಲ್ಲದವರು. ಲಾಪ್ಸನ್ ಅಷ್ಟಾಗಿ ಹೆಸರಿಲ್ಲದವರು, ಆದರೆ ಎತ್ತರದ ಆಳು ಮತ್ತು ವಯಸ್ಸಿನಲ್ಲಿ ಬಹಳ ಕಿರಿಯರು. ಐದನೇ ಸುತ್ತಿನಲ್ಲಿ ರೆಫರಿ ಪಂದ್ಯ ನಿಲ್ಲಿಸಿದರು. ವಿಜೇಂದರ್ ಮುಂದಿನ ಪಂದ್ಯ ಆಡಿದ್ದು 17 ತಿಂಗಳ ನಂತರ, ರಾಯಪುರದಲ್ಲಿ. ಘಾನಾದ ಎಲಿಯಾಸು ಸುಲ್ಲಿ ಎರಡನೇ ಸುತ್ತಿನಲ್ಲಿ ಉರುಳಿದರು.