ಕಲ್ಯಾಣದ ಮಡ್ಡಿಯಲ್ಲಿ ಸೈಕಲ್ ಹಾದಿ

ಪುಣೆ–ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹಾದುಹೋಗುವವರ ಕಣ್ಣಿಗೆ ಬೀದರ್ ಜಿಲ್ಲೆ ಬರೀ ಬಯಲು. ತೊಗರಿ, ಸೋಯಾ, ಕಬ್ಬು, ನಡುನಡುವೆ ಢಾಬಾಗಳು, ಮತ್ತೆ ತೊಗರಿ. ಬಸವಕಲ್ಯಾಣ, ರಾಜೇಶ್ವರ, ಹುಮನಾಬಾದ್ ಎಂಬ ಫಲಕಗಳು ಬಂದಷ್ಟೇ ಬೇಗ ಹಿಂದೆ ಸರಿಯುತ್ತವೆ. ಹೆದ್ದಾರಿ ಬಿಟ್ಟು ಮುಡಬಿ ಕಡೆಗೆ ಇಳಿದವರಿಗೆ ಮಾತ್ರ ಬೇರೆ ನೆಲ ಕಾಣುತ್ತದೆ. ಕೆಂಪು ಗರಸಿನ ಮಡ್ಡಿ, ಅದರ ಅಂಚಿನಲ್ಲಿ ಒಮ್ಮೆಲೇ ಬೀಳುವ ಇಳಿಜಾರು, ಇಳಿಜಾರಿನ ತುಂಬ ಮುತ್ತುಗ, ಸೀತಾಫಲ, ಬೇವು, ಜಾಲಿ. ಕೆಳಗೆ ಹಳ್ಳ, ಆಚೆಗೆ ಮತ್ತೊಂದು ಮಡ್ಡಿ. ಇಲ್ಲಿ ಗುಡ್ಡವೇ ಇಲ್ಲ ಎನ್ನುವವರು ಬೀದರ್–ಕಲಬುರಗಿ ರೈಲು ಹತ್ತಬೇಕು. 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಆ ಮಾರ್ಗಕ್ಕಾಗಿ ಹುಮನಾಬಾದ್‌ನಿಂದ ಕಲಬುರಗಿ ಕಡೆಗೆ ಹೋಗುವಾಗ ಮರಗುತ್ತಿಯ ಬಳಿ ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಕೊರೆಯಬೇಕಾಯಿತು.

ಈ ಮಡ್ಡಿ ನೆಲ ಮೌಂಟೇನ್ ಬೈಕ್‌ಗೆ, ಅಂದರೆ ಗುಡ್ಡಗಾಡಿನಲ್ಲಿ ಓಡುವ ಗಟ್ಟಿ ಸೈಕಲ್ಲಿಗೆ, ಕರ್ನಾಟಕದಲ್ಲಿ ಸಿಗುವ ಒಳ್ಳೆಯ ನೆಲಗಳಲ್ಲಿ ಒಂದು ಎಂಬುದು ನನ್ನ ದೃಢ ಅಭಿಪ್ರಾಯ. ಕಾರಣ ಮಣ್ಣಿನಲ್ಲೇ ಇದೆ.

ದಖ್ಖನ್ ಪ್ರಸ್ಥಭೂಮಿಯ ಈ ಭಾಗದಲ್ಲಿ ಅಡಿಪಾಯ ಕಪ್ಪು ಬಸಾಲ್ಟ್ ಶಿಲೆ, ಆರೂವರೆ ಕೋಟಿ ವರ್ಷಗಳ ಹಿಂದಿನ ಲಾವಾ. ಎತ್ತರದ ಜಾಗಗಳಲ್ಲಿ ಅದರ ಮೇಲೆ ಜಂಬಿಟ್ಟಿಗೆಯ ಟೋಪಿ ಕೂತಿದೆ. ಬಸವಕಲ್ಯಾಣದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಬಾಕ್ಸೈಟ್ ನಿಕ್ಷೇಪ ಇರುವುದೂ ಈ ಜಂಬಿಟ್ಟಿಗೆಯ ದೆಸೆಯಿಂದಲೇ. ಜಂಬಿಟ್ಟಿಗೆಯ ಮೈತುಂಬ ತೂತು. ಸುರಿದ ಮಳೆ ಅದರೊಳಗೆ ಇಳಿದು, ಕೆಳಗಿನ ಗಟ್ಟಿ ಪದರಕ್ಕೆ ತಾಕಿ, ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಬೀದರ್‌ನ ನರಸಿಂಹ ಝರಣಿ, ಗುರುನಾನಕ್ ಝೀರಾ ಹುಟ್ಟಿದ್ದು ಹೀಗೆ. ಬಹಮನಿ ಕಾಲದವರು ನೌಬಾದಿನಲ್ಲಿ ಕರೇಜ್, ಅಂದರೆ ನೆಲದಡಿಯ ಕಾಲುವೆ, ತೋಡಿ ಕುಡಿಯುವ ನೀರು ಹರಿಸಿದ್ದೂ ಈ ಗುಣವನ್ನು ನಂಬಿಕೊಂಡೇ. ಸೈಕಲ್ ಸವಾರನಿಗೆ ಇದರ ಲಾಭ ಸರಳವಾದದ್ದು: ನೀರು ಒಳಗಿಳಿಯುವ ನೆಲ ಬೇಗ ಒಣಗುತ್ತದೆ. ಜೋರು ಮಳೆ ನಿಂತ ಮರುದಿನವೇ ಮಡ್ಡಿಯ ದಾರಿ ಚಕ್ರಕ್ಕೆ ಗಟ್ಟಿ ನೆಲ ಕೊಡುತ್ತದೆ.

ಕೆಳಗಿನ ಎರೆ ಹೊಲದ ಕಥೆ ಇದಕ್ಕೆ ತದ್ವಿರುದ್ಧ. ಹಸಿ ಎರೆ ಟೈರಿಗೆ ಮೆತ್ತಿ, ಫೋರ್ಕಿನ ಸಂದಿ ತುಂಬಿ, ಹತ್ತು ಮಾರು ದಾಟುವುದರೊಳಗೆ ಚಕ್ರವನ್ನೇ ಕಚ್ಚಿ ನಿಲ್ಲಿಸುತ್ತದೆ. ಆಗ ಸೈಕಲ್ ಹೆಗಲಿಗೇರಿಸಿ ನಡೆಯಬೇಕು. ಅದಕ್ಕೇ ಈ ಸೀಮೆಯಲ್ಲಿ ಹಾದಿ ಗುರುತಿಸುವವರು ಮಡ್ಡಿಯ ಏಣು ಬಿಟ್ಟು ಕೆಳಗೆ ಇಳಿಯುವುದನ್ನು ಆದಷ್ಟು ಕಡಿಮೆ ಮಾಡಬೇಕು. ಗರಸಿಗೂ ತನ್ನದೇ ಅಪಾಯವಿದೆ. ಗಟ್ಟಿ ಕಲ್ಲಿನ ಮೇಲೆ ಉದುರಿದ ಉರುಟು ಹರಳು, ಕಣದಲ್ಲಿ ಚೆಲ್ಲಿದ ಜೋಳದ ಕಾಳಿನ ಹಾಗೆ ಕಾಲಡಿ ಜಾರುತ್ತದೆ. ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದವರು ಬೀಳುತ್ತಾರೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟು, ಹೊರಗಿನ ಪೆಡಲ್ ಕೆಳಗೊತ್ತಿ ಸಾಗುವುದನ್ನು ಇಲ್ಲಿ ಮೊದಲು ಕಲಿಯಬೇಕು.

ಈ ಏಣಿನ ಇನ್ನೊಂದು ವಿಶೇಷ ಬಹಳ ಜನರ ಗಮನಕ್ಕೆ ಬಂದಿಲ್ಲ. ಇದು ಎರಡು ಮಹಾನದಿಗಳ ನಡುವಿನ ದಿಬ್ಬ. ಉತ್ತರಕ್ಕೆ ಬಿದ್ದ ನೀರು ಕಾರಂಜಾ ಸೇರಿ, ಮಾಂಜ್ರಾ ಮೂಲಕ ಗೋದಾವರಿಗೆ ಹೋಗುತ್ತದೆ. ದಕ್ಷಿಣಕ್ಕೆ ಬಿದ್ದದ್ದು ಮುಲ್ಲಾಮಾರಿ ಹಿಡಿದು, ಕಾಗಿಣಾ, ಭೀಮಾ ದಾಟಿ ಕೃಷ್ಣೆಗೆ. ಮಡ್ಡಿಯ ನೆತ್ತಿ ಹಿಡಿದು ಸೈಕಲ್ ತುಳಿಯುವವನ ಎಡಕ್ಕೊಂದು ಜಲಾನಯನ, ಬಲಕ್ಕೊಂದು. ಇಂಥ ಏಣಿನ ದಾರಿಯಲ್ಲಿ ದೊಡ್ಡ ಹಳ್ಳ ದಾಟುವ ತೊಂದರೆಯೇ ಇಲ್ಲ. ಸೇತುವೆ ಬೇಡ, ಕಾಂಕ್ರೀಟ್ ಬೇಡ.

ದಾರಿಗಳನ್ನು ಹೊಸದಾಗಿ ಕಡಿಯಬೇಕಾಗಿಯೂ ಇಲ್ಲ. ಕುರಿಗಾಹಿಗಳು, ತಾಂಡಾದ ಜನ, ಬಂಡಿ ಹೊಡೆಯುವ ರೈತರು ಇವನ್ನು ತಲೆಮಾರುಗಳಿಂದ ತುಳಿದು ಉಳಿಸಿಕೊಂಡು ಬಂದಿದ್ದಾರೆ. ಆದರೆ ಎಲ್ಲ ದಾರಿಯೂ ಒಂದೇ ತರಹದ್ದಲ್ಲ. ಬಂಡಿ ದಾರಿ ಅನೇಕ ಕಡೆ ಇಳಿಜಾರಿಗೆ ನೇರವಾಗಿ ಇಳಿಯುತ್ತದೆ. ಮಳೆ ನೀರೂ ಅದೇ ಜಾಡು ಹಿಡಿದು ವರ್ಷ ವರ್ಷಕ್ಕೆ ಕೊರಕಲು ಮಾಡುತ್ತದೆ. ಕುರಿ ದಾರಿ ಗುಡ್ಡದ ಮೈಗೆ ಅಡ್ಡವಾಗಿ, ನಿಧಾನವಾಗಿ ಏರುತ್ತದೆ. ಹಾದಿ ಕಟ್ಟುವವರು ಜಗತ್ತಿನಾದ್ಯಂತ ಪಾಲಿಸುವ ನಿಯಮವೂ ಇದೇ: ಹಾದಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು, ಒಟ್ಟಾರೆ ಸರಾಸರಿ ಶೇ 10ರ ಒಳಗಿರಬೇಕು, ಹೊರ ಅಂಚು ತುಸು ತಗ್ಗಿರಬೇಕು. ಅಲ್ಲಲ್ಲಿ ಸಣ್ಣ ತಗ್ಗು ಬಿಟ್ಟರೆ ನೀರು ಹಾದಿಯನ್ನು ಕೊಚ್ಚದೆ ಹೊರಗೆ ಹೋಗುತ್ತದೆ. ಪುಸ್ತಕ ಓದದ ಕುರಿಗಾಹಿಯ ದಾರಿ ಈ ಪರೀಕ್ಷೆಯಲ್ಲಿ ಬಹುಪಾಲು ಗೆಲ್ಲುತ್ತದೆ.

ಈ ಆಟ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ದುಬಾರಿ ಯಂತ್ರಗಳಿಂದಲ್ಲ, ಗುಜರಿಗೆ ಬಿದ್ದಿದ್ದ ಭಾರದ ಹಳೆಯ ಸೈಕಲ್ಲುಗಳಿಂದ. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಪಟ್ಟಣದ ಹತ್ತಿರದ ಮಣ್ಣು ದಾರಿಯಲ್ಲಿ ಗೆಳೆಯರ ಗುಂಪೊಂದು ಇಳಿಜಾರಿನ ಸ್ಪರ್ಧೆ ನಡೆಸಿತು. ಒಂದೇ ಇಳಿತಕ್ಕೆ ಹಿಂದಿನ ಹಬ್ಬಿನ ಬ್ರೇಕ್ ಕಾದು ಗ್ರೀಸ್ ಸುಟ್ಟುಹೋಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಅಲ್ಲಿಂದ ಇಪ್ಪತ್ತೇ ವರ್ಷಕ್ಕೆ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮೌಂಟೇನ್ ಬೈಕ್ ಸೇರಿತು. ಕಬ್ಬಿಣದ ಅಟ್ಲಾಸ್, ಹೀರೊ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಗರಸಿನ ದಾರಿ ಇಳಿಯುವ ನಮ್ಮ ಹಳ್ಳಿಯ ಹುಡುಗರಲ್ಲಿ ಅದೇ ಕೌಶಲ ಇದೆ. ಅವರಿಗೆ ಬೇಕಾದದ್ದು ಅವಕಾಶ. ವಿಜಯಪುರ, ಬಾಗಲಕೋಟೆಯ ಕ್ರೀಡಾನಿಲಯಗಳು ರೈತರ ಮಕ್ಕಳನ್ನು ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳಾಗಿ ಬೆಳೆಸಿವೆ. ಗದಗ ಹೊರವಲಯದ ಗುಡ್ಡದಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ಪೇ ನಡೆದಿದೆ. ಗದಗಕ್ಕೆ ಆದದ್ದು ಬಸವಕಲ್ಯಾಣಕ್ಕೆ ಆಗದು ಎನ್ನಲು ನನಗೆ ಕಾರಣ ಕಾಣುವುದಿಲ್ಲ.

ಬಸವಕಲ್ಯಾಣದಿಂದ ಹುಮನಾಬಾದ್‌ವರೆಗೆ ಮಡ್ಡಿಯ ಮೇಲೆ ಹಾದಿ ಗುರುತಿಸಿದರೆ ಅದರ ಎರಡೂ ತುದಿಗೆ ನೋಡಲು, ನಿಲ್ಲಲು ಜಾಗಗಳಿವೆ. ಬಸವಕಲ್ಯಾಣದ ಕಡೆ ತ್ರಿಪುರಾಂತಕ ಕೆರೆಯಿಂದ ಹೊರಡಬಹುದು. ಕಲ್ಯಾಣ ಚಾಲುಕ್ಯರ ರಾಜಧಾನಿ, ಬಸವಣ್ಣನವರ ಕರ್ಮಭೂಮಿ, ಅಕ್ಕನಾಗಮ್ಮನ ಗವಿ, ಕೋಟೆ ಎಲ್ಲವೂ ಕೈಯಳತೆಯಲ್ಲಿವೆ. ಊರಿಗೆ ಹತ್ತಿರದ ನಾರಾಯಣಪುರದಲ್ಲಿ, ಉಮಾಪುರದಲ್ಲಿ ಚಾಲುಕ್ಯರ ಕಾಲದ ದೇಗುಲಗಳಿವೆ. ಹುಮನಾಬಾದ್ ಕಡೆ ಮಾಣಿಕನಗರ, ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕ ಪ್ರಭುಗಳ ಸಂಸ್ಥಾನ, ವಿರಜಾ–ಗುರುಗಂಗಾ ಹಳ್ಳಗಳ ಸಂಗಮದಲ್ಲಿದೆ. ಅಲ್ಲಿಂದ ಜಲಸಂಗ್ವಿ ದೂರವಲ್ಲ. ಅಲ್ಲಿನ ದೇಗುಲದ ಹೊರಗೋಡೆಯಲ್ಲಿ ಆರನೇ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಕಲ್ಲಿನ ಮೇಲೆ ಬರೆಯುತ್ತ ನಿಂತ ಶಿಲಾಬಾಲಿಕೆಯನ್ನು ನೋಡದೆ ಈ ತಾಲ್ಲೂಕು ಸುತ್ತಿದೆ ಎನ್ನಬಾರದು. ಹೆದ್ದಾರಿಯಲ್ಲಿ ಎರಡು ಊರಿನ ನಡುವೆ ಸುಮಾರು 30 ಕಿಲೋಮೀಟರ್. ಮಡ್ಡಿಯ ದಾರಿಗಳಲ್ಲಿ ಅದು ಒಂದು ಇಡೀ ದಿನದ ಸವಾರಿ.

ಹೊರಡುವವರಿಗೆ ಕೆಲವು ಮಾತು. ಇಲ್ಲಿ ಬಿಸಿಲು ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಅಕ್ಟೋಬರ್‌ನಿಂದ ಫೆಬ್ರುವರಿ ಸರಿಯಾದ ಕಾಲ. ಜಾಲಿ ಮುಳ್ಳು ಇಲ್ಲಿನ ದೊಡ್ಡ ಶತ್ರು. ಟ್ಯೂಬ್ ಇಲ್ಲದ ಟೈರಿಗೆ ಸೀಲೆಂಟ್ ದ್ರವ ತುಂಬಿಸಿದರೆ ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಟ್ಯೂಬಿನ ಸೈಕಲ್ ಆದರೆ ಪಂಪು, ಪ್ಯಾಚು, ಒಂದು ಹೆಚ್ಚಿನ ಟ್ಯೂಬು ಜೊತೆಗಿರಲಿ. ಕಬ್ಬು ನುರಿಸುವ ಕಾಲದಲ್ಲಿ ಟ್ರಾಕ್ಟರ್‌ಗಳು ಕತ್ತಲಲ್ಲೂ ಓಡುತ್ತವೆ, ಹಿಂದೆ ದೀಪ ಕಟ್ಟದೆ ಡಾಂಬರು ರಸ್ತೆಗೆ ಇಳಿಯಬೇಡಿ. ಕುರಿ ಹಿಂಡು ಎದುರಾದರೆ ಇಳಿದು ನಿಲ್ಲಿ. ದಾರಿ ಅವರದ್ದು, ನಾವು ಅತಿಥಿಗಳು. ಫಸಲು ನಿಂತ ಹೊಲದ ಬದುವಿನ ಮೇಲೆ ಚಕ್ರ ಹತ್ತಿಸಬಾರದು.

ಕಾಡಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗುವುದು ಕಾನೂನಿಗೂ ವಿರುದ್ಧ, ಕಾಡಿಗೂ ವಿರುದ್ಧ. ಪಕ್ಕದ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡು 2011ರಿಂದ ವನ್ಯಜೀವಿ ಧಾಮ, ಸುಮಾರು 135 ಚದರ ಕಿಲೋಮೀಟರ್. ಅಲ್ಲಿ ಸೈಕಲ್ ಸ್ಪರ್ಧೆಯ ಕನಸು ಬೇಡ. ಬೆಂಗಳೂರಿನ ತುರಹಳ್ಳಿ ಕಾಡನ್ನು ನೆನೆಯಿರಿ. ವರ್ಷಗಳ ಕಾಲ ಸವಾರರು ಅಲ್ಲಿನ ಕಾಲುದಾರಿಗಳಲ್ಲಿ ಅಭ್ಯಾಸ ಮಾಡಿದರು. 2021ರಲ್ಲಿ ವೃಕ್ಷೋದ್ಯಾನದ ಪ್ರಸ್ತಾಪ ಬಂದಾಗ ಸುತ್ತಲಿನ ಜನ ಒಟ್ಟಾಗಿ ವಿರೋಧಿಸಿ ಕಾಡು ಕಾಡಾಗಿಯೇ ಇರಲಿ ಎಂದರು, ಯೋಜನೆ ನಿಂತಿತು. ಅದು ಒಳ್ಳೆಯ ಗೆಲುವು. ಆದರೆ ಯಾರು, ಎಲ್ಲಿ, ಯಾವಾಗ ಓಡಿಸಬಹುದು ಎಂಬುದನ್ನು ಮೊದಲೇ ಬರೆದಿಟ್ಟಿರದಿದ್ದರೆ ಸವಾರರಿಗೂ ಇಲಾಖೆಗೂ ಜಗಳ ತಪ್ಪುವುದಿಲ್ಲ. ನಮ್ಮಲ್ಲಿ ಆ ಬರಹ ಮೊದಲಾಗಲಿ, ಸವಾರಿ ಆಮೇಲೆ.

ಈ ಹಾದಿಗೆ ಕೋಟಿಗಟ್ಟಲೆ ಹಣ ಬೇಡ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಬಂಡಿ ದಾರಿ, ಕಾಲುದಾರಿಗಳು ಈಗಾಗಲೇ ಇವೆ. ಖಾಸಗಿ ಹೊಲ, ಮೀಸಲು ಅರಣ್ಯ ಬಿಟ್ಟು ಉಳಿದದ್ದನ್ನು ಜೋಡಿಸಿ, ಕವಲಿಗೊಂದು ಕಲ್ಲು ನೆಟ್ಟು, ಬಣ್ಣದ ಬಾಣ ಬರೆದರೆ ಹಾದಿ ಸಿದ್ಧ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಕೊರಕಲು ಮುಚ್ಚುವ ಕೆಲಸಕ್ಕೆ ತಾಂಡಾದವರಿಗೆ ಕೂಲಿ ಕೊಡಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇದು ಸಣ್ಣ ಮೊತ್ತ. 2019ರಲ್ಲಿ ಈ ಇಡೀ ಪ್ರದೇಶಕ್ಕೆ ಕಲ್ಯಾಣದ ಹೆಸರಿಟ್ಟ ಸರ್ಕಾರ, ಕಲ್ಯಾಣದ ಮಕ್ಕಳಿಗೆ ಒಂದು ಹಾದಿ ಗುರುತಿಸಿಕೊಡುವುದು ದೊಡ್ಡ ಮಾತಲ್ಲ. ಬೀದರ್ ಜಿಲ್ಲಾಡಳಿತ, ಅರಣ್ಯ ಇಲಾಖೆ, ಎರಡೂ ತಾಲ್ಲೂಕಿನ ಗ್ರಾಮ ಪಂಚಾಯಿತಿಗಳು ಕುರಿಗಾಹಿಗಳನ್ನೂ ತಾಂಡಾದ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಈ ನಕ್ಷೆ ಬಿಡಿಸಲಿ.