ಕಾರ್ಬೊರೇಟರ್ ಎಷ್ಟು ಗಾಳಿ ಬಿಡುತ್ತೆ? ಲೆವೆಲ್ ಪೈಪನ್ನೇ ಕೇಳಿ

ಗುಬ್ಬಿ, ಕುಣಿಗಲ್ ಕಡೆಯಿಂದ ತುಮಕೂರಿಗೆ ದಿನಾ ಓಡಾಡೋ ಹುಡುಗರ ಗಾಡಿಗಳ ಮಧ್ಯೆ ಹಳೇ ಯಮಹಾ ಆರ್‌ಎಕ್ಸ್ 100 ಒಂದಾದರೂ ಇರುತ್ತೆ. ಅಪ್ಪಂದೋ, ಮಾವಂದೋ. ಆ ಗಾಡಿ ತಯಾರಾಗೋದು 1996ಕ್ಕೇ ನಿಂತಿತು. "ದೊಡ್ಡ ಕಾರ್ಬ್ ಹಾಕ್ಸು ಮಗಾ, ಹಾರುತ್ತೆ" ಅನ್ನೋ ಸಲಹೆ ಮಾತ್ರ ನಿಂತಿಲ್ಲ. ದುಡ್ಡು ಕೊಡೋಕೆ ಮುಂಚೆ, ಅಥವಾ ಇರೋದನ್ನೇ ಉಜ್ಜಿ ಪಾಲಿಶ್ ಮಾಡಿದ ಮೇಲೆ, ಗಾಳಿ ನಿಜವಾಗ್ಲೂ ಜಾಸ್ತಿ ಹೋಗ್ತಿದೆಯಾ ಅಂತ ಅಳೆಯಬಹುದು.

ಬೇಕಾಗೋದು ಮನೆಯ ವ್ಯಾಕ್ಯೂಮ್ ಕ್ಲೀನರ್, ಮುಚ್ಚಳ ಇರೋ ಪೇಂಟ್ ಬಕೆಟ್, ಪಿವಿಸಿ ಪೈಪ್, ಗಾರೆ ಕೆಲಸದವರು ಮಟ್ಟ ನೋಡೋ ಲೆವೆಲ್ ಪೈಪ್. ಕಾರ್ಬೊರೇಟರ್‌ನ ಎಂಜಿನ್ ಕಡೆ ಬಾಯಿಯನ್ನ ಬಕೆಟ್‌ಗೆ ಕೂರಿಸಿ, ಥ್ರಾಟಲ್ ಪೂರ್ತಿ ತೆಗೆದಿಡಿ. ಬಕೆಟ್‌ನಿಂದ ಕ್ಲೀನರ್‌ಗೆ ಹೋಗೋ ಪೈಪ್ ಮಧ್ಯೆ 25 ಮಿ.ಮೀ. ತೂತಿರೋ ತೆಳು ತಗಡು. ಹೌದು, ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಮಾರ್ಕ್ಸ್‌ಗೋಸ್ಕರ ಓದಿದ್ದ ಅದೇ ಆರಿಫೈಸ್ ಮೀಟರ್. ಲೆವೆಲ್ ಪೈಪನ್ನ 'ಯು' ಆಕಾರಕ್ಕೆ ಬಗ್ಗಿಸಿ, ನೀರಿಗೆ ಎರಡು ಹನಿ ಬಟ್ಟೆ ನೀಲಿ ಹಾಕಿ ಎರಡು ಮಾಡಿಕೊಳ್ಳಿ: ಒಂದು ಬಕೆಟ್‌ಗೆ, ಇನ್ನೊಂದು ತಗಡಿನ ಆಚೆ ಈಚೆಗೆ.

ಒಂದು ಎಚ್ಚರಿಕೆ. ಕಾರ್ಬೊರೇಟರ್‌ನಲ್ಲಿ ಒಂದು ಹನಿ ಪೆಟ್ರೋಲೂ ಇರಬಾರದು. ಕ್ಲೀನರ್ ಮೋಟರ್‌ನ ಬ್ರಷ್ ಕಿಡಿ ಹಾರಿಸುತ್ತೆ, ಆವಿ ಸೀದಾ ಅಲ್ಲಿಗೇ ಹೋಗುತ್ತೆ.

ಮೊದಲು ಕಾರ್ಬ್ ಬಾಯಿ ಮುಚ್ಚಿ ನೋಡಿ. ತಗಡಿನ ಟ್ಯೂಬ್ ಸೊನ್ನೆ ತೋರಿಸದಿದ್ದರೆ ಎಲ್ಲೋ ಲೀಕ್ ಇದೆ. ಆಮೇಲೆ ಬಾಯಿ ತೆಗೆದು, ಬಕೆಟ್ ಟ್ಯೂಬ್ ಪ್ರತಿ ಸಲವೂ 250 ಮಿ.ಮೀ.ನಲ್ಲೇ ನಿಲ್ಲೋ ಹಾಗೆ ಮಾಡಿ. ಅದಕ್ಕೆ ಕ್ಲೀನರ್ ಹತ್ತಿರ ಒಂದು ತೂತು ಕೊರೆದು, ಅದನ್ನ ಅರೆಬರೆ ಮುಚ್ಚುತ್ತಾ ಹೊಂದಿಸಿದರೆ ಸಾಕು. ಈಗ ತಗಡಿನ ಟ್ಯೂಬ್ ಓದಿ. ಗಾಳಿಯ ಪ್ರಮಾಣ ನೀರಿನ ಎತ್ತರದ ವರ್ಗಮೂಲದ ಹಾಗೆ ಏರುತ್ತೆ. ಪಾಲಿಶ್‌ಗೆ ಮುಂಚೆ 100 ಮಿ.ಮೀ. ಇದ್ದದ್ದು ಆಮೇಲೆ 121 ಆದರೆ ಗಾಳಿ ಜಾಸ್ತಿಯಾಗಿರೋದು 21 ಅಲ್ಲ, 10 ಪರ್ಸೆಂಟ್. 102 ಬಂದರೆ ಒಂದೇ ಪರ್ಸೆಂಟ್, ಅದು ಓದುವಾಗಿನ ತಪ್ಪೂ ಇರಬಹುದು. ಎಂಜಿನ್ ಬಿಟ್ಟು ಬಿಟ್ಟು ಎಳೆಯುತ್ತೆ, ಕ್ಲೀನರ್ ಒಂದೇ ಸಮ ಎಳೆಯುತ್ತೆ. ಹಾಗಾಗಿ ಇದರಿಂದ ಹಾರ್ಸ್‌ಪವರ್ ಗೊತ್ತಾಗಲ್ಲ, ಹೋಲಿಕೆಗೆ ಮಾತ್ರ ಸರಿ.

ಇನ್ನು ದೊಡ್ಡ ಕಾರ್ಬ್ ವಿಷಯ. ಬೋರ್ 20ರಿಂದ 24 ಮಿ.ಮೀ. ಆದರೆ ಅಡ್ಡಕೊಯ್ತದ ವಿಸ್ತೀರ್ಣ 1.44 ಪಟ್ಟು. ಎಂಜಿನ್ ಅಷ್ಟೇ ಗಾಳಿ ಎಳೆದರೆ ವೇಗ ಅಷ್ಟೇ ಪಟ್ಟು ಇಳಿಯುತ್ತೆ. ಬೆರ್ನೌಲಿ ಪ್ರಕಾರ ಜೆಟ್‌ನಿಂದ ಪೆಟ್ರೋಲ್ ಎಳೆಯೋ ಒತ್ತಡ ವೇಗದ ವರ್ಗದ ಲೆಕ್ಕ, ಅಂದರೆ ಅರ್ಧಕ್ಕಿಂತ ಕಮ್ಮಿ! ಟಾಪ್ ಎಂಡ್ ಸಿಗಬಹುದು, ಆದರೆ ಟೌನ್‌ನ ಸಿಗ್ನಲ್‌ನಲ್ಲಿ ಕೊಕ್ ಕೊಕ್ ಅಂತ ಕೆಮ್ಮೋದು ಇದಕ್ಕೇ. ನನ್ನ ಪ್ರಕಾರ ದಿನಾ ಓಡಾಡೋ ಗಾಡಿಗೆ ಇದು ನಷ್ಟದ ವ್ಯಾಪಾರ.

ಜೆಟ್ ನಂಬರ್ ಆರಿಸುವಾಗ ನಮ್ಮೂರಿನ ಎತ್ತರವೂ ಲೆಕ್ಕಕ್ಕೆ ಬರುತ್ತೆ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲಿದೆ. ಗಾಳಿಯ ಸಾಂದ್ರತೆ ಹೆಚ್ಚುಕಮ್ಮಿ 9 ಪರ್ಸೆಂಟ್ ಕಡಿಮೆ. ಮಂಗಳೂರಲ್ಲಿ ಸರಿಯಿದ್ದ ಜೆಟ್ ಇಲ್ಲಿ 4–5 ಪರ್ಸೆಂಟ್ ರಿಚ್ ಆಗುತ್ತೆ. ಅದನ್ನ ಬಕೆಟ್ ಹೇಳಲ್ಲ. ಫುಲ್ ಥ್ರಾಟಲ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು: ಕಪ್ಪು ಮಸಿ ಇದ್ದರೆ ಒಂದು ಸೈಜ್ ಚಿಕ್ಕ ಜೆಟ್, ಬೆಳ್ಳಗಿದ್ದರೆ ಪಿಸ್ಟನ್ ಸೀಜ್ ಆಗೋಕೆ ಮುಂಚೆ ದೊಡ್ಡದು.