ಸಾವಿರ ಸುಳ್ಳೂ ಒಂದು ಕಾದಂಬರಿಯೂ

ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡಬೇಕೆಂಬುದು ನಮ್ಮ ಹಿರಿಯರ ಗಾದೆ. ಈ ಗಾದೆಯು ನಡೆವ ಬಗೆಯನ್ನು ಕಾಣಲು ವಾಚಕರು ದೂರ ಹೋಗಬೇಕಾಗಿಲ್ಲ. ಚನ್ನಗಿರಿ, ನ್ಯಾಮತಿಗಳ ಕಡೆಯ ಅಡಿಕೆತೋಟದ ಮನೆಗೆ ಜಗಳೂರಿನ ಬೆದ್ದಲು ಸೀಮೆಯಿಂದ ಹೆಣ್ಣು ತರುವ ಮಾತು ಹುಟ್ಟಿತೆನ್ನಿ. ಗಂಡಿನವರ ಎರಡು ಎಕರೆ ತೋಟವು ಮಾತಿನಲ್ಲಿ ನಾಲ್ಕು ಎಕರೆಯಾಗುವುದು. ಒಲೆಯ ಬಳಿ ಸುಳಿಯದ ಮಗಳೇ ಕೇಸರಿಬಾತನ್ನು ಮಾಡಿದಳೆಂದು ತಾಯಿಯು ಹೇಳುವಳು. ಹುಡುಗನಾದರೋ, ನಗರದ ನೌಕರಿಯನ್ನು ಬಿಡುವ ಮನಸ್ಸಿಲ್ಲದಿದ್ದರೂ, ಊರಿಗೆ ಮರಳುವೆನೆಂದು ಹಿರಿಯರೆದುರು ತಲೆಯಾಡಿಸುವನು. ಬೆಳೆಯಬೇಕಾದ ಸಂಬಂಧವು ನಿಜವಾದದ್ದು. ಅದರ ಮೊದಲ ಮಾತುಗಳು ಮಾತ್ರ ನಟನೆ.

ಇದಕ್ಕೆ ತಿರುವುಮುರುವಾದ ಕಥೆಯೊಂದನ್ನು ಈಗಿನ ತರುಣ ತರುಣಿಯರು ಆಸೆಯಿಂದ ಓದುತ್ತಿರುವರು. ಆಲಿ ಹೇಜಲ್‌ವುಡ್ ಎಂಬ ಕಾವ್ಯನಾಮದ, ಇಟಲಿಯಲ್ಲಿ ಹುಟ್ಟಿದ ನರವಿಜ್ಞಾನದ ವಿದುಷಿಯೊಬ್ಬರು 2021ರಲ್ಲಿ ಪ್ರಕಟಿಸಿದ ‘ದಿ ಲವ್ ಹೈಪಾಥಿಸಿಸ್’ ಎಂಬ ಇಂಗ್ಲಿಷ್ ಕಾದಂಬರಿಯೇ ಅದು. ಕಥಾನಾಯಿಕೆ ಆಲಿವ್, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿನಿ. ಹಿಂದೆ ಕೆಲಕಾಲ ತನ್ನೊಡನೆ ತಿರುಗಾಡಿದ್ದ ಯುವಕನನ್ನು ಗೆಳತಿಯು ಮೆಚ್ಚಿರುವಳೆಂದು ಅವಳಿಗೆ ತಿಳಿಯುವುದು. ಗೆಳತಿಯ ಸಂಕೋಚವನ್ನು ಕಳೆಯಲು, ತನಗೆ ಬೇರೊಬ್ಬನಿರುವನೆಂದು ನಂಬಿಸಲು ಹೊರಟ ಆಲಿವ್‌ಗೆ ಎದುರಾದವನು ಆಡಮ್ ಕಾರ್ಲ್‌ಸೆನ್ ಎಂಬ ಪ್ರಾಧ್ಯಾಪಕ. ಇವಳು ನಗುಮೊಗದವಳು, ಮಾತುಗಾತಿ. ಅವನು ಬಿಗಿಮೊಗದವನು, ವಿದ್ಯಾರ್ಥಿಗಳಿಗೆಲ್ಲ ಭಯಂಕರನು. ಆದರೆ ಅವನಿಗೂ ಈ ಸುಳ್ಳು ಬೇಕಾಗಿದ್ದಿತು. ಅವನು ಕೆಲಸ ಬಿಟ್ಟು ಹೋದಾನೆಂಬ ಶಂಕೆಯಿಂದ ವಿಶ್ವವಿದ್ಯಾಲಯವು ಅವನ ಸಂಶೋಧನೆಯ ಹಣವನ್ನು ತಡೆಹಿಡಿದಿದ್ದಿತು. ಆ ಊರಿನಲ್ಲಿಯೇ ಪ್ರಿಯತಮೆಯಿದ್ದರೆ ಶಂಕೆಯು ಅಳಿಯುವುದಷ್ಟೆ.

ಹೀಗೆ ಇಬ್ಬರೂ ಕುಳಿತು ಕರಾರು ಮಾಡಿಕೊಳ್ಳುವರು. ಎಷ್ಟು ಕಾಲ ನಟಿಸಬೇಕು, ಏನನ್ನು ಮಾಡಬಾರದು, ಎಲ್ಲಿ ಕಾಣಿಸಿಕೊಳ್ಳಬೇಕು ಎಂದೆಲ್ಲ ಮಾತಾಗುವುದು. ಪ್ರತಿ ಬುಧವಾರ ಕಾಫಿ ಅಂಗಡಿಯಲ್ಲಿ ಭೇಟಿ. ಅವಳಿಗೆ ಅತಿ ಸಿಹಿಯಾದ ಪಾನೀಯ, ಅವನಿಗೆ ಹಾಲುಸಕ್ಕರೆಯಿಲ್ಲದ ಕಾಫಿ. ಲೋಕದ ಮುಂದೆ ಸುಳ್ಳಾಡುವ ಈ ಇಬ್ಬರೂ ತಮ್ಮೊಳಗೆ ಬಿಚ್ಚುಮನಸ್ಸಿನಿಂದ ಮಾತನಾಡಲು ಕಲಿಯುವರು. ಪ್ರೀತಿಯು ಮೊಳೆಯುವುದು ಅಲ್ಲಿಯೇ.

ಹುಸಿವೇಷದ ಪ್ರಣಯವು ನಮಗೆ ಹೊಸದಲ್ಲ. ಸುಭದ್ರೆಗಾಗಿ ಅರ್ಜುನನು ಸನ್ಯಾಸಿಯಾದ ಕಥೆಯನ್ನು ಯಾರು ತಾನೇ ಅರಿಯರು? ಆದರೆ ಅಲ್ಲಿ ವೇಷವು ಸುಭದ್ರೆಯ ಕಣ್ಣಿಗೂ ಮಣ್ಣೆರಚುವುದು. ಇಲ್ಲಿ ಇಬ್ಬರೂ ಕೂಡಿಯೇ ವೇಷ ತೊಟ್ಟಿರುವರು. 1955ರ ತೆಲುಗು ಚಲನಚಿತ್ರ ‘ಮಿಸ್ಸಮ್ಮ’ದ ಬಗೆಯೂ ಇದೇ. ದಂಪತಿಗಳಿಗೆ ಮಾತ್ರ ದೊರೆಯುವ ಶಾಲೆಯ ಕೆಲಸಕ್ಕಾಗಿ, ಹಿಂದೂ ಯುವಕನೂ ಕ್ರೈಸ್ತ ಯುವತಿಯೂ ಗಂಡಹೆಂಡಿರೆಂದು ನಟಿಸುವರು. ರವೀಂದ್ರನಾಥ ಮೈತ್ರರ ಬಂಗಾಳಿ ನಾಟಕವು ಅದಕ್ಕೆ ಮೂಲ.

ಹಾಗೆಂದು ಕಾದಂಬರಿಯು ಸುಳ್ಳನ್ನು ಹೊಗಳುವುದಿಲ್ಲ. ಆಡಮ್‌ನನ್ನು ನಿಜವಾಗಿ ಪ್ರೀತಿಸತೊಡಗಿದ ಮೇಲೆ ಆಲಿವ್ ಅದನ್ನು ಹೇಳಲಂಜಿ, ತಾನು ಮೆಚ್ಚಿದವನು ಬೇರೊಬ್ಬನೆಂದು ಅವನಿಗೇ ಸುಳ್ಳಾಡುವಳು. ಕೂಡಿ ಆಡಿದ ಸುಳ್ಳು ಇಬ್ಬರನ್ನೂ ಹತ್ತಿರಕ್ಕೆ ತಂದಿತು. ಒಬ್ಬರು ಇನ್ನೊಬ್ಬರಿಗೆ ಆಡಿದ ಸುಳ್ಳು ಇಬ್ಬರನ್ನೂ ನೋಯಿಸಿತು. ನಿಜವು ಹೊರಬರುವ ತನಕ ಆ ನೋವಿಗೆ ಮದ್ದಿಲ್ಲ.

ಗೃಹಸ್ಥರಾದ ನಾವು ನೆನೆಯಬೇಕಾದುದು ಇದನ್ನೇ. ಹೊನ್ನಾಳಿಯ ಮನೆಯಾಗಲಿ, ಜಗಳೂರಿನ ಮನೆಯಾಗಲಿ, ಹೆಣ್ಣು ನೋಡುವ ದಿನ ಹುಡುಗ ಹುಡುಗಿಯರಿಗೆ ದೊರೆಯುವ ಏಕಾಂತವು ಬಹುವಾದರೆ ಹತ್ತು ನಿಮಿಷ; ಅದೂ ಬಾಗಿಲ ಹಿಂದೆ ಕಿವಿಗಳಿರುವಾಗ. ನಗರದಲ್ಲಿಯೇ ನಿಲ್ಲುವೆಯೋ, ತೋಟಕ್ಕೆ ಮರಳುವೆಯೋ? ಮದುವೆಯ ಬಳಿಕ ನನ್ನ ಓದು ನಡೆಯುವುದೋ? ಮನೆಯ ಮೇಲೆ ಸಾಲವೆಷ್ಟು? ಈ ಪ್ರಶ್ನೆಗಳನ್ನು ಕೇಳಲು ಅವರಿಗೆ ಹೊತ್ತನ್ನೂ ಧೈರ್ಯವನ್ನೂ ಕೊಡಬೇಕಾದವರು ಹಿರಿಯರೇ.

ಹಾಗೆ ಮಾತನಾಡಿಸಿದರೆ ಕೂಡಿಬಂದ ನಂಟು ಮುರಿದೀತೆಂದು ಕೆಲವರು ಅಂಜುವರು. ಮುರಿದರೆ ಮುರಿಯಲಿ. ಪಡಸಾಲೆಯ ಮಾತಿನಲ್ಲಿ ಮುರಿದ ನಂಟಿಗೆ ತಾಂಬೂಲವಷ್ಟೇ ವೆಚ್ಚ. ತಾಳಿ ಕಟ್ಟಿದ ಮೇಲೆ ತಿಳಿದ ಸುಳ್ಳಿಗೆ ಎರಡು ಬಾಳುಗಳೇ ದಂಡ ತೆರಬೇಕಾಗುವುದು.